ಹಾಡದವರ ಬೇಡಿಗಳೂ ಕಳಚಿದವು

(ನಮ್ಮ ಸಭೆಯ ವಾರ್ಷಿಕ ಕುಟುಂಬ ಕೂಟದಲ್ಲಿ ‘ಸ್ತುತಿ ಮತ್ತು ಆರಾಧನೆಯ ಆತ್ಮಿಕ ಶಕ್ತಿ’ ಎಂಬ ವಿಷಯವಾಗಿ ಆಡಿದ ಮಾತುಗಳಿವು. ಅಂದು ಊಟದ ಗಂಟೆ ಹೊಡೆದದ್ದರಿಂದ ನುಂಗಿಕೊಂಡ ಕೆಲವು ಮಾತುಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸಭಾಪಾಲಕರೇ, ಹಿರಿಯರೇ, ಎಂದಿನಂತೆ ಹಿಂದಿನ ಬೆಂಚುಗಳನ್ನೇ ಮೊದಲು ತುಂಬಿಸಿರುವ ಯುವಜನರೇ,

ನಾನು ಉಪದೇಶಿಯಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು. ಅದಕ್ಕಿಂತ ಹೆಚ್ಚು ಕಾಲ ಗಾಯಕವೃಂದದ ಎರಡನೆಯ ಸಾಲಿನಲ್ಲಿ ನಿಂತವನು. ಸ್ತುತಿಯ ಶಕ್ತಿಯ ಬಗ್ಗೆ ಮಾತನಾಡಬೇಕು ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ನಗೆ.

ನಾವು ಚಿಕ್ಕವರಿದ್ದಾಗ ಜರ್ಮನ್ ರಾಗಗಳಿಗೆ ಕೂಡಿಸಿದ ಕನ್ನಡ ಗೀತೆಗಳನ್ನೇ ಹೆಚ್ಚು ಹಾಡುತ್ತಿದ್ದೆವು. ಆ ರಾಗಗಳಿಗೆ ನಮ್ಮ ಹ್ರಸ್ವ ದೀರ್ಘಗಳ ಚಿಂತೆಯಿಲ್ಲ. ಸ್ವರ ಎಲ್ಲಿ ನಿಲ್ಲುತ್ತದೋ ಅಕ್ಷರವೂ ಅಲ್ಲಿ ನಿಲ್ಲಬೇಕು. ಹೀಗಾಗಿ ‘ಬಿಡು’ ಎಂಬುದು ‘ಬೀಡು’ ಆಗುತ್ತಿತ್ತು, ‘ಕೊಡು’ ಎಂಬುದು ‘ಕೋಡು’ ಆಗುತ್ತಿತ್ತು. ಇಡೀ ಸಭೆ ಕಣ್ಣು ಮುಚ್ಚಿಕೊಂಡು, ಬಹಳ ಭಕ್ತಿಯಿಂದ, ದೇವರಲ್ಲಿ ಕೋಡು ಬೇಡುತ್ತಿತ್ತು. ನಾನೂ ತಂಗಿಯೂ ಮುಖಕ್ಕೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದೆವು. ಅಮ್ಮ ಹಾಡು ನಿಲ್ಲಿಸದೆಯೇ ತೊಡೆ ಚಿವುಟುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ 92ನೆಯ ಕೀರ್ತನೆ ಓದುತ್ತಿದ್ದಾಗ, ಕಾಡುಕೋಣಕ್ಕೆ ಇರುವಂಥ ಕೊಂಬನ್ನು ನನಗೆ ಎತ್ತಿ ಕೊಟ್ಟೆ ಎಂದು ಕವಿ ದೇವರನ್ನು ಕೊಂಡಾಡುವುದು ಕಣ್ಣಿಗೆ ಬಿತ್ತು. ಕೋಡು ಬೇಡಿದ್ದೂ ಪೂರಾ ತಪ್ಪಾಗಿರಲಿಲ್ಲ.

ಆ ರಾಗಗಳು ಬಂದ ದಾರಿ ನಿಮಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು, ಎರಡು ವರ್ಷದ ಮೇಲೆ ಹರ್ಮನ್ ಮೋಗ್ಲಿಂಗ್ ಬಂದರು. ಅವರು ತಮ್ಮ ಹಾಡು ತಂದದ್ದಕ್ಕಿಂತ ನಮ್ಮ ಹಾಡಿಗೆ ಕಿವಿಗೊಟ್ಟದ್ದು ನನಗೆ ಹೆಚ್ಚು ಇಷ್ಟ. ಹಳಗಾಲದ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕಲ್ಲಚ್ಚಿನಿಂದ ಹೊರತರುವಾಗ ಮೋಗ್ಲಿಂಗ್ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನ ಪದ್ಯಗಳಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಪರರ ಸ್ತುತಿಯನ್ನು ಕೇಳಲು ಬಾರದವನಿಗೆ ತನ್ನ ಸ್ತುತಿ ಎಷ್ಟು ತಿಳಿದೀತು ಎಂದು ನನಗೆ ಆಗಾಗ ಅನ್ನಿಸುತ್ತದೆ. ಇದು ಪಕ್ಕದ ಮಾತು, ಇರಲಿ.

ನಮ್ಮ ಬೈಬಲ್ಲಿನ ನಟ್ಟನಡುವೆ 150 ಹಾಡುಗಳ ಒಂದು ಪುಸ್ತಕವಿದೆ. ಹೀಬ್ರೂವಿನಲ್ಲಿ ಅದರ ಹೆಸರು ತೆಹಿಲ್ಲೀಮ್, ಸ್ತುತಿಗಳು. ಗ್ರೀಕ್ ಅನುವಾದದಲ್ಲಿ ಅದಕ್ಕೆ ತಂತಿ ಮೀಟಿ ಹಾಡುವ ಹಾಡು ಎಂಬರ್ಥದ ಹೆಸರು ಬಂತು. ಕನ್ನಡದಲ್ಲಿ ಅದು ‘ಕೀರ್ತನೆಗಳು’. ಪುರಂದರದಾಸರು ಹಾಡಿದ್ದಕ್ಕೂ ದಾವೀದನು ಹಾಡಿದ್ದಕ್ಕೂ ನಮ್ಮ ಭಾಷೆ ಒಂದೇ ಹೆಸರು ಇಟ್ಟುಕೊಂಡಿದೆ. ಸ್ತುತಿಗಳು ಎಂಬ ಹೆಸರು ಹೊತ್ತ ಈ ಪುಸ್ತಕವನ್ನು ನಿಧಾನವಾಗಿ ಓದಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅದರೊಳಗಿನ ಹಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿದರೆ ಎಲ್ಲಕ್ಕಿಂತ ಹೆಚ್ಚು ಸಿಗುವುದು ಪ್ರಲಾಪ. ಎಷ್ಟರವರೆಗೆ ಕರ್ತನೇ, ಯಾಕೆ ಮುಖ ಮರೆಮಾಡಿದ್ದೀ, ನನ್ನ ಹಾಸಿಗೆ ಕಣ್ಣೀರಿನಲ್ಲಿ ತೇಲುತ್ತಿದೆ, ಹೀಗೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆ ಕವಿ ಕೊನೆಯಲ್ಲಿ ಸಮಾಧಾನದ ಒಂದು ಸಾಲನ್ನೂ ಸೇರಿಸಲಿಲ್ಲ. ಸೇರಿಸಿ ಎಂದು ಯಾರೂ ಒತ್ತಾಯಿಸಲೂ ಇಲ್ಲ, ಅದನ್ನು ಹಾಗೆಯೇ ಸ್ತುತಿಗಳ ಪುಸ್ತಕದಲ್ಲಿ ಕಟ್ಟಿದರು.

ಸ್ತುತಿಯ ಬಗ್ಗೆ ಮಾತನಾಡುವವರೆಲ್ಲ ಒಂದು ವಚನವನ್ನು ತಪ್ಪದೆ ಹೇಳುತ್ತಾರೆ, ನೀವೂ ನೂರು ಸಲ ಕೇಳಿರುತ್ತೀರಿ: ದೇವರು ಇಸ್ರಾಯೇಲ್ಯರ ಸ್ತೋತ್ರಗಳನ್ನೇ ಸಿಂಹಾಸನ ಮಾಡಿಕೊಂಡು ಕುಳಿತಿದ್ದಾನೆ. ನಾವು ಹಾಡಿದರೆ ಸಿಂಹಾಸನ ಸಿದ್ಧವಾಗುತ್ತದೆ, ಆತನು ಇಳಿದು ಬರುತ್ತಾನೆ ಎಂದು ಅದಕ್ಕೆ ವ್ಯಾಖ್ಯಾನ. ಒಳ್ಳೆಯ ವಚನ. ಆದರೆ ಅದು ಎಲ್ಲಿದೆ ಎಂದು ನೋಡಿದ್ದೀರಾ? 22ನೆಯ ಕೀರ್ತನೆಯ 3ನೆಯ ವಚನ. ಬೆರಳನ್ನು ಎರಡು ಸಾಲು ಮೇಲಕ್ಕೆ ಸರಿಸಿದರೆ, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಎಂಬ ಕೂಗು. ಯೇಸು ಶಿಲುಬೆಯ ಮೇಲೆ ಕೂಗಿದ್ದು ಆ ಮೊದಲನೆಯ ವಚನವನ್ನು. ಹಗಲಿನಲ್ಲಿ ಕರೆದರೂ ಉತ್ತರವಿಲ್ಲ, ರಾತ್ರಿಯಲ್ಲೂ ಸಮಾಧಾನವಿಲ್ಲ ಎಂಬ ಮಾತು ಆದ ಮೇಲೆ ಈ ಸಿಂಹಾಸನದ ಮಾತು ಬರುತ್ತದೆ. ಅಂದರೆ, ದೇವರು ಬಂದ ಎಂಬ ಸಂತೋಷದಲ್ಲಿ ಹುಟ್ಟಿದ ಸಾಲು ಅದಲ್ಲ. ಉತ್ತರ ಕೊಡದ ದೇವರಿಗೆ, ನೀನು ಯಾರೆಂಬುದು ನನಗೆ ನೆನಪಿದೆ ಎಂದು ಹೇಳಿದ ಸಾಲು. ಮೊದಲನೆಯ ವಚನವನ್ನು ಹರಿದು ಎಸೆದು ಮೂರನೆಯದನ್ನು ಗೋಡೆಗೆ ತೂಗುಹಾಕುವುದು ನ್ಯಾಯವಲ್ಲ.

ಕನ್ನಡದ ‘ಸ್ತೋತ್ರ’ ಎಂಬ ಶಬ್ದವನ್ನು ನೋಡಿ. ಸಂಸ್ಕೃತದಲ್ಲಿ ಅದು ಹೊಗಳಿಕೆ. ನಮ್ಮ ಸಭೆಗಳಲ್ಲಿ ಅದು ಉಪಕಾರಸ್ಮರಣೆಯೂ ಹೌದು. ಕರ್ತನು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು ಎಂದು ಓದುತ್ತೇವೆ. ರೈಲು ತಪ್ಪದೆ ಸಿಕ್ಕರೂ ಸ್ತೋತ್ರ, ಆಪರೇಷನ್ ಮುಗಿದರೂ ಸ್ತೋತ್ರ. ಕೆಲವರಲ್ಲಂತೂ ಫೋನ್ ಎತ್ತಿದ ಕೂಡಲೇ ಹೇಳುವ ಮಾತೇ ಅದು. ಹೀಬ್ರೂವಿನ ‘ಯಾದಾ’ ಎಂಬ ಧಾತುವೂ ಇಂಥದ್ದೇ: ಸ್ತುತಿಸು, ಕೃತಜ್ಞತೆ ಹೇಳು, ಪಾಪವನ್ನು ಒಪ್ಪಿಕೊಳ್ಳು, ಮೂರೂ ಅದರಲ್ಲಿ ಸೇರಿವೆ. ಆ ಶಬ್ದವನ್ನು ಬೈಬಲ್ ಒಬ್ಬಳು ಹೆಂಗಸಿನ ಬಾಯಿಯಲ್ಲಿ ಇಡುತ್ತದೆ. ಅವಳ ಬಗ್ಗೆ ಸ್ತುತಿಯ ಕೂಟಗಳಲ್ಲಿ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಅವಳು ಲೇಯಾ. ತಂದೆ ಲಾಬಾನನು ಮೋಸದಿಂದ ಯಾಕೋಬನಿಗೆ ಕಟ್ಟಿದ ಹಿರಿಯ ಮಗಳು. ಗಂಡನ ಮನಸ್ಸೆಲ್ಲ ತಂಗಿ ರಾಹೇಲಳ ಮೇಲೆ. ಲೇಯಾಳಿಗೆ ಮಗ ಹುಟ್ಟಿದ. ಇನ್ನು ಮೇಲೆ ಗಂಡ ನನ್ನನ್ನು ಪ್ರೀತಿಸುವನು ಎಂದು ರೂಬೇನ ಎಂಬ ಹೆಸರಿಟ್ಟಳು. ಪ್ರೀತಿಸಲಿಲ್ಲ. ಎರಡನೆಯವನಿಗೆ, ನಾನು ತಾತ್ಸಾರಕ್ಕೆ ಗುರಿಯಾದದ್ದನ್ನು ದೇವರು ಕೇಳಿದನು ಎಂದು ಸಿಮೆಯೋನ ಎಂದಳು. ಮೂರನೆಯವನು ಲೇವಿ, ಈಗಲಾದರೂ ಗಂಡ ನನ್ನೊಂದಿಗೆ ಕೂಡಿಕೊಳ್ಳುವನು ಎಂದಳು. ಮೂರು ಹೆಸರುಗಳು, ಮೂರು ಅರ್ಜಿಗಳು. ತೊಟ್ಟಿಲಿನಲ್ಲಿದ್ದ ಕೂಸುಗಳನ್ನು ಕರೆಯುವಾಗಲೆಲ್ಲ ಆ ತಾಯಿ ತನ್ನ ಅರ್ಜಿಯನ್ನೇ ಓದಿಕೊಳ್ಳುತ್ತಿದ್ದಳು. ನಾಲ್ಕನೆಯ ಮಗ ಹುಟ್ಟಿದಾಗ ಅವಳು ಗಂಡನ ಸುದ್ದಿಯನ್ನೇ ಎತ್ತಲಿಲ್ಲ. ಈ ಸಾರಿ ಯೆಹೋವನನ್ನು ಸ್ತುತಿಸುತ್ತೇನೆ ಎಂದಳು, ಯೆಹೂದ ಎಂದು ಹೆಸರಿಟ್ಟಳು. ಯಾಕೋಬ ಬದಲಾದನೇ? ಆದಿಕಾಂಡದಲ್ಲಿ ಅದರ ಸುಳಿವಿಲ್ಲ. ಮುಂದೆ ಲೇಯಾಳು ಮತ್ತೆ ಹೊಟ್ಟೆಕಿಚ್ಚಿಗೆ, ಪೈಪೋಟಿಗೆ ಬೀಳುವುದೂ ಅದೇ ಪುಸ್ತಕದಲ್ಲಿದೆ. ಆದರೆ ಆ ಒಂದು ಹೆಸರಿಡುವ ಗಳಿಗೆಯಲ್ಲಿ ಅವಳ ಚೌಕಾಸಿ ನಿಂತಿತ್ತು. ದಾವೀದನ ವಂಶ, ಅದರಿಂದ ಕ್ರಿಸ್ತನ ವಂಶ ಇಳಿದು ಬಂದದ್ದು ಆ ನಾಲ್ಕನೆಯ ಹೆಸರಿನಿಂದ.

ಸ್ತುತಿಗೆ ಶಕ್ತಿ ಇದೆ ಎಂದರೆ ನನ್ನ ಮಟ್ಟಿಗೆ ಮೊದಲ ಅರ್ಥ ಇದೇ. ಅದು ಚೌಕಾಸಿಯನ್ನು ನಿಲ್ಲಿಸುತ್ತದೆ. ನಮ್ಮಲ್ಲಿ ಈಗೀಗ ಇದಕ್ಕೆ ವಿರುದ್ಧವಾದ ಒಂದು ಲೆಕ್ಕಾಚಾರ ಬೆಳೆಯುತ್ತಿದೆ. ಇಷ್ಟು ದಿನ, ಇಷ್ಟು ಗಂಟೆ ಸ್ತುತಿಸಿದರೆ ಸಾಲ ತೀರುತ್ತದೆ, ವೀಸಾ ಬರುತ್ತದೆ, ಗೋಡೆ ಬೀಳುತ್ತದೆ. ಸಾಕ್ಷಿಗೆ ಜನರ ಕೂಗಿಗೆ ಕೋಟೆಗೋಡೆ ಬಿದ್ದ ಯೆರಿಕೋ, ಸಾಕ್ಷಿಗೆ ಯೆಹೂದದ ಅರಸ ಯೆಹೋಷಾಫಾಟ. ಎರಡನೆಯ ಪೂರ್ವಕಾಲವೃತ್ತಾಂತದ 20ನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿ ನೋಡಿ. ಅರಸನು ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ್ದು ನಿಜ, ಹಾಡು ಶುರುವಾದಾಗ ಶತ್ರುಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡದ್ದೂ ನಿಜ. ಆದರೆ ಹಿಂದಿನ ದಿನವೇ, ಈ ಯುದ್ಧ ನಿಮ್ಮದಲ್ಲ, ದೇವರದು ಎಂಬ ಮಾತು ಅವರಿಗೆ ಸಿಕ್ಕಿತ್ತು. ಅದಕ್ಕೂ ಮೊದಲು ಅರಸನು, ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣುಗಳು ನಿನ್ನ ಮೇಲಿವೆ ಎಂದು ಎಲ್ಲರೆದುರು ಒಪ್ಪಿಕೊಂಡಿದ್ದನು. ಮಾತು ಮೊದಲು ಸಿಕ್ಕಿತು, ಹಾಡು ಅದಕ್ಕೆ ಉತ್ತರವಾಗಿ ಬಂತು. ಮುಂಗಡ ಕೊಟ್ಟು ಜಯವನ್ನು ಕಾಯ್ದಿರಿಸಿದ ಕಥೆಯಲ್ಲ ಅದು.

ಇದೇ ದೇವರು ಪ್ರವಾದಿ ಆಮೋಸನ ಬಾಯಿಂದ, ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿರಿ, ನ್ಯಾಯವು ಹೊಳೆಯ ಹಾಗೆ ಹರಿಯಲಿ ಎನ್ನುತ್ತಾನೆ. ಕೂಲಿಯವನ ದುಡ್ಡು ಹಿಡಿದಿಟ್ಟು ಭಾನುವಾರ ಕೈಯೆತ್ತಿ ಹಾಡುವವನ ಗೀತೆಗೆ ಎಷ್ಟು ಶಕ್ತಿಯಿದೆ ಎಂದು ಯಾರಾದರೂ ಕೇಳಿದರೆ ಆಮೋಸನ ಐದನೆಯ ಅಧ್ಯಾಯವನ್ನು ತೋರಿಸಿ ಸುಮ್ಮನಾಗುವುದು ಒಳ್ಳೆಯದು.

(ಇಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ತರುಣ ಎದ್ದು, ‘ಸಾರ್, ಗದ್ದಲ ಎಂದಿರಿ. 150ನೆಯ ಕೀರ್ತನೆಯಲ್ಲಿ ಝಣಝಣಿಸುವ ತಾಳಗಳಿಂದ ಸ್ತುತಿಸಿರಿ ಎಂದಿದೆಯಲ್ಲ?’ ಎಂದು ಕೇಳಿದ. ಡ್ರಮ್ಸ್ ಬಾರಿಸುವ ಹುಡುಗ. ಸಭೆ ನಕ್ಕಿತು.)

ಇದೆ ತಮ್ಮಾ, ತುತ್ತೂರಿ, ದಮ್ಮಡಿ, ಕುಣಿತ ಎಲ್ಲವೂ ಇದೆ. ತಾಳದ ಬಗ್ಗೆ ನನಗೆ ತಕರಾರಿಲ್ಲ, ಮೈಕಿನ ಬಗ್ಗೆ ಸ್ವಲ್ಪ ಇದೆ. ವೇದಿಕೆಯ ಮೇಲಿನ ನಾಲ್ವರ ಧ್ವನಿ ಎಷ್ಟು ಜೋರಾಯಿತೆಂದರೆ ಪಕ್ಕದಲ್ಲಿ ನಿಂತವರು ಹಾಡುತ್ತಿದ್ದಾರೋ ಅಳುತ್ತಿದ್ದಾರೋ ಕೇಳಿಸುವುದಿಲ್ಲ. ಸಂಗೀತದ ಬಗ್ಗೆ ಈ ಅಳುಕು ಹೊಸದೇನೂ ಅಲ್ಲ. ಸಂತ ಅಗಸ್ಟಿನ್ ತಮ್ಮ ಆತ್ಮನಿವೇದನೆಯಲ್ಲಿ ಅದನ್ನು ಬಹಳ ಪ್ರಾಮಾಣಿಕವಾಗಿ ಬರೆದಿದ್ದಾರೆ. 386ರಲ್ಲಿ ಮಿಲಾನ್ ನಗರದಲ್ಲಿ ರಾಜಮಾತೆ ಜಸ್ಟಿನಾ ಬಿಷಪ್ ಅಂಬ್ರೋಸರ ಮೇಲೆ ತಿರುಗಿಬಿದ್ದಾಗ ಜನರು ಚರ್ಚಿನೊಳಗೆ ರಾತ್ರಿಯಿಡೀ ಕಾವಲು ಕುಳಿತರು. ಅವರ ನಡುವೆ ಅಗಸ್ಟಿನರ ತಾಯಿ ಮೋನಿಕಾಳೂ ಇದ್ದಳು. ದುಃಖದಲ್ಲಿ ಜನರು ಕುಂದಿಹೋಗಬಾರದೆಂದು, ಪೂರ್ವದೇಶದ ಸಭೆಗಳ ರೀತಿಯಲ್ಲಿ ಎಲ್ಲರೂ ಸೇರಿ ಹಾಡುವ ಪದ್ಧತಿ ಅಲ್ಲಿ ಆಗ ಶುರುವಾಯಿತು. ಆ ಹಾಡುಗಳನ್ನು ಕೇಳಿ ತಾವು ಎಷ್ಟು ಅತ್ತೆವೆಂದು ಅಗಸ್ಟಿನ್ ಹೇಳುತ್ತಾರೆ. ಮುಂದೆ ಇನ್ನೊಂದು ಕಡೆ, ಹಾಡಿನ ಅರ್ಥಕ್ಕಿಂತ ಹಾಡುವ ಧ್ವನಿಯೇ ನನ್ನನ್ನು ಹೆಚ್ಚು ಕದಲಿಸಿದರೆ ಅದು ನನ್ನ ಪಾಪ, ಆಗ ಹಾಡನ್ನು ಕೇಳದಿರುವುದೇ ಮೇಲು ಎಂದೂ ಬರೆಯುತ್ತಾರೆ. ಎರಡನ್ನೂ ಬರೆದರು, ಒಂದನ್ನು ಹೊಡೆದುಹಾಕಲಿಲ್ಲ. ಹಾಡುವವನು ಎರಡು ಸಲ ಪ್ರಾರ್ಥಿಸುತ್ತಾನೆ ಎಂಬ ಮಾತನ್ನು ಅವರ ಹೆಸರಿನಲ್ಲಿ ಕ್ಯಾಲೆಂಡರುಗಳ ಮೇಲೆ ಅಚ್ಚು ಹಾಕುತ್ತಾರೆ. ಅವರ ಬರಹಗಳಲ್ಲಿ ಆ ರೂಪದಲ್ಲಿ ಆ ಮಾತಿಲ್ಲ.

ಈಗ ನಮ್ಮ ಮನೆಯ ಒಂದು ಸಂಗತಿ. ಸಾವಿನ ಮನೆಯಲ್ಲಿ ರಾತ್ರಿ ಸಭೆಯವರು ಬಂದು ಹಾಡುವುದು ನಮ್ಮಲ್ಲಿ ವಾಡಿಕೆ. ಅಪ್ಪ ತೀರಿಕೊಂಡ ರಾತ್ರಿಯೂ ಬಂದರು, ಚಾಪೆಯ ಮೇಲೆ ಕುಳಿತು ಬೆಳಗಿನವರೆಗೆ ಹಾಡಿದರು. ಅಮ್ಮ ತುಟಿ ಬಿಚ್ಚಲಿಲ್ಲ. ಆಮೇಲೂ ಒಂಬತ್ತು ತಿಂಗಳು ಬಿಚ್ಚಲಿಲ್ಲ. ಒಂದು ಭಾನುವಾರವೂ ತಪ್ಪಿಸದೆ ಆರಾಧನೆಗೆ ಬರುತ್ತಿದ್ದಳು, ಎಲ್ಲರೂ ಎದ್ದಾಗ ಏಳುತ್ತಿದ್ದಳು, ಪುಸ್ತಕ ಮಾತ್ರ ತೆರೆಯುತ್ತಿರಲಿಲ್ಲ. ನಮ್ಮ ತೊಡೆ ಚಿವುಟುತ್ತಲೇ ಹಾಡು ನಿಲ್ಲಿಸದಿದ್ದ ಅದೇ ಅಮ್ಮ. ಒಬ್ಬರು ಹಿರಿಯರು ಒಳ್ಳೆಯ ಮನಸ್ಸಿನಿಂದಲೇ, ‘ಸ್ತುತಿಸಿ ನೋಡಿ ಅಮ್ಮಾ, ಭಾರ ಇಳಿಯುತ್ತದೆ’ ಎಂದರು. ‘ನೀವು ಹಾಡಿ ಅಣ್ಣಾ, ನಾನು ಕೇಳಿಸಿಕೊಳ್ಳುತ್ತೇನೆ’ ಎಂದಳು. ಅವಳ ನಂಬಿಕೆ ತಣ್ಣಗಾಯಿತು ಎಂದು ಕೆಲವರು ಅಂದುಕೊಂಡರು. ನಾನೂ ಅಂದುಕೊಂಡೆ ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ. ಅವಳು ಮತ್ತೆ ಹಾಡಲು ತೊಡಗಿದ್ದು ಯಾವ ದಿನ ಎಂಬುದು ನನಗೆ ಗೊತ್ತಾಗಲೇ ಇಲ್ಲ. ನಾನು ಎರಡನೆಯ ಸಾಲಿನಲ್ಲಿ ನಿಂತು ನನ್ನ ಸ್ವರವನ್ನು ನೋಡಿಕೊಳ್ಳುತ್ತಿದ್ದೆ.

ನಾನು ನಕ್ಕ ಆ ಜರ್ಮನ್ ಹಾಡುಗಳ ಹಿಂದೆಯೂ ಇಂಥ ಮನೆಗಳಿದ್ದವು. ಸ್ಯಾಕ್ಸನಿಯ ಐಲೆನ್‌ಬರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಸಭಾಪಾಲಕರಿದ್ದರು. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರ ಪಿಡುಗಿನಲ್ಲಿ ಊರಿನಲ್ಲಿ ಹೆಣ ಹೂಳಿಸಲು ಉಳಿದ ಪಾದ್ರಿ ಅವರೊಬ್ಬರೇ. ಹೆಂಡತಿಯನ್ನೂ ಅದೇ ವರ್ಷ ಮಣ್ಣು ಮಾಡಿದರು. ಲೋಕದ ಸಭೆಗಳೆಲ್ಲ ಹಬ್ಬದಲ್ಲಿ ಹಾಡುವ ದೊಡ್ಡ ಕೃತಜ್ಞತಾಗೀತೆಯೊಂದು ಅವರದು. ಮೊದಲು ಅದು ಮನೆಯವರು ಊಟ ಮುಗಿಸಿ ಹೇಳುವ ಪುಟ್ಟ ಪ್ರಾರ್ಥನೆಯಾಗಿತ್ತು. ಬರಗಾಲವನ್ನೂ ಕಂಡ ಊರಿನಲ್ಲಿ, ಊಟವಾದ ಮೇಲಿನ ಸ್ತೋತ್ರ.

ಅಮ್ಮನ ಆ ಮಾತು ನನಗೆ ಅರ್ಥವಾದದ್ದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಿಂದ. ಸ್ತುತಿಯ ಶಕ್ತಿ ಎಂದರೆ ಎಲ್ಲರೂ ಹೇಳುವ ಕಥೆಯೇ. ಫಿಲಿಪ್ಪಿ ಮಕೆದೋನ್ಯದ ಒಂದು ರೋಮನ್ ವಸಾಹತು. ಅಲ್ಲಿ ಕಣಿ ಹೇಳುವ ಒಬ್ಬಳು ದಾಸಿ ಹುಡುಗಿಯನ್ನು ಪೌಲನು ಹಿಡಿದಿದ್ದ ದೆವ್ವದಿಂದ ಬಿಡಿಸಿದ. ಅವಳ ಬಾಯಿಂದ ದುಡ್ಡು ಮಾಡುತ್ತಿದ್ದ ಯಜಮಾನರಿಗೆ ನಷ್ಟವಾಯಿತು. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಚಾವಡಿಗೆ ಎಳೆದು, ವಿಚಾರಣೆ ಇಲ್ಲದೆ ಬಟ್ಟೆ ಹರಿಸಿ ಬೆತ್ತದಿಂದ ಹೊಡೆಸಿ, ಸೆರೆಮನೆಯ ಒಳಕೋಣೆಗೆ ತಳ್ಳಿ, ಕಾಲುಗಳಿಗೆ ಕೋಳ ಹಾಕಿಸಿದರು. ಮಧ್ಯರಾತ್ರಿಯಲ್ಲಿ ಅವರಿಬ್ಬರೂ ಪ್ರಾರ್ಥಿಸುತ್ತ ದೇವರಿಗೆ ಸ್ತುತಿಪದಗಳನ್ನು ಹಾಡುತ್ತಿದ್ದರು. ಯಾವ ಹಾಡು ಎಂದು ಈ ಪುಸ್ತಕ ಬರೆದ ಲೂಕನು ಹೇಳಿಲ್ಲ. ಹುಟ್ಟು ಯೆಹೂದ್ಯನಾದ ಪೌಲನಿಗೆ ಕೀರ್ತನೆಗಳು ಬಾಯಿಪಾಠ ಇದ್ದಿರಲೇಬೇಕು. ಬೆನ್ನು ಹರಿದವನು ಪ್ರಲಾಪದ ಕೀರ್ತನೆಯನ್ನೇ ಹಾಡಿದ್ದರೂ ಆಶ್ಚರ್ಯವಿಲ್ಲ.

ಭೂಕಂಪವಾಯಿತು, ಅಸ್ತಿವಾರ ಕದಲಿತು, ಬಾಗಿಲುಗಳು ತೆರೆದವು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಲೂಕನು ಮಾತ್ರ ಇನ್ನೂ ಬರೆಯುತ್ತಲೇ ಇದ್ದಾನೆ. ಅವನು ಸೇರಿಸಿದ ಎರಡು ಸಣ್ಣ ವಾಕ್ಯಗಳ ಮೇಲೆ ನಾನು ನಿಂತುಬಿಟ್ಟಿದ್ದೇನೆ. ಮೊದಲನೆಯದು, ಸೆರೆಯಾಳುಗಳು ಕಿವಿಗೊಟ್ಟು ಕೇಳುತ್ತಿದ್ದರು. ಎರಡನೆಯದು, ಎಲ್ಲರ ಬೇಡಿಗಳೂ ಕಳಚಿಬಿದ್ದವು. ಹಾಡಿದವರು ಇಬ್ಬರು. ಕಳಚಿದ್ದು ಎಲ್ಲರದು. ಆ ಕತ್ತಲೆಯಲ್ಲಿ ಯಾವ ಕಳ್ಳ, ಯಾವ ಸಾಲಗಾರ, ಯಾವ ಓಡಿಹೋದ ದಾಸ ಗೋಡೆಗೆ ಒರಗಿ ಕುಳಿತಿದ್ದನೋ. ಅವನಿಗೆ ಯೆಹೋವನೂ ಗೊತ್ತಿಲ್ಲ, ಆ ಭಾಷೆಯೂ ಗೊತ್ತಿಲ್ಲದೆ ಇರಬಹುದು. ಅವನು ಮಾಡಿದ್ದು ಇಷ್ಟೇ, ಕೇಳಿಸಿಕೊಂಡ. ಅಮ್ಮನ ಒಂಬತ್ತು ತಿಂಗಳ ಮೌನವನ್ನು ನಾನು ಈಗ ಅಲ್ಲಿಟ್ಟು ನೋಡುತ್ತೇನೆ. ಆದ್ದರಿಂದ ಆರಾಧನೆಯಲ್ಲಿ ಬಾಯಿ ಮುಚ್ಚಿ ನಿಂತವರನ್ನು ದಯವಿಟ್ಟು ಹಾಡಿ ಹಾಡಿ ಎಂದು ಮೈಕಿನಲ್ಲಿ ಕರೆಯಬೇಡಿ, ಕೈ ಎತ್ತಿ ಎನ್ನಬೇಡಿ. ಅವರ ಪಾಲಿನದನ್ನು ಸಭೆ ಹಾಡಲಿ. ಹಾಡಲಾಗುವವರು ಹಾಡಲಾಗದವರಿಗಾಗಿಯೂ ಹಾಡುವುದರಿಂದಲೇ ಅದು ಸಭೆ. ಇಲ್ಲದಿದ್ದರೆ ಒಬ್ಬೊಬ್ಬರೂ ಮನೆಯ ಸ್ನಾನದ ಕೋಣೆಯಲ್ಲೇ ಹಾಡಿಕೊಳ್ಳಬಹುದಿತ್ತು.

ಸೆರೆಯ ಅಧಿಕಾರಿ ಹಾಡು ಕೇಳಲಿಲ್ಲ. ಅವನು ನಿದ್ದೆ ಹೋಗಿದ್ದ. ಎಚ್ಚರವಾಗಿ ನೋಡಿದರೆ ಬಾಗಿಲು ತೆರೆದಿದೆ. ಸೆರೆಯವರು ತಪ್ಪಿಸಿಕೊಂಡರೆಂದು ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟ. ಆಗ ಒಳಗಿನ ಕತ್ತಲೆಯಿಂದ ಪೌಲನು, ನೀನು ಏನೂ ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ ಎಂದು ಕೂಗಿದ. ಬಾಗಿಲು ತೆರೆಯಲೆಂದೇ ಹಾಡಿದ್ದರೆ ಅಷ್ಟು ಹೊತ್ತಿಗೆ ಅವರು ಊರ ಗಡಿ ದಾಟಿರುತ್ತಿದ್ದರು. ತೆರೆದ ಬಾಗಿಲಿನ ಒಳಗೇ ಕುಳಿತಿದ್ದರಿಂದ ಒಬ್ಬನ ಜೀವ ಉಳಿಯಿತು. ಅದೇ ರಾತ್ರಿ, ಅದೇ ಗಳಿಗೆಯಲ್ಲಿ, ಅವನು ಅವರನ್ನು ಕರೆದುಕೊಂಡು ಹೋಗಿ ಗಾಯಗಳನ್ನು ತೊಳೆದ. ಸಂಜೆ ಕೋಳ ಬಿಗಿದ ಕೈಗಳು ಅವು. ಆಮೇಲೆ ಅವನೂ ಮನೆಯವರೂ ದೀಕ್ಷಾಸ್ನಾನ ಪಡೆದರು, ಆಮೇಲೆ ಊಟ ಬಡಿಸಿದ. ಸ್ತೋತ್ರಯಜ್ಞವನ್ನು ಅರ್ಪಿಸಿರಿ ಎಂದ ಇಬ್ರಿಯರ ಪತ್ರಿಕೆ ಮುಂದಿನ ವಚನದಲ್ಲೇ, ಪರೋಪಕಾರವನ್ನೂ ಹಂಚಿಕೊಳ್ಳುವುದನ್ನೂ ಮರೆಯಬೇಡಿ, ಇವೂ ಯಜ್ಞಗಳೇ ಎನ್ನುವುದು ಈ ಬಟ್ಟಲು ನೀರನ್ನು ನೆನೆದೇ ಇರಬೇಕು ಎಂದು ನನ್ನ ಊಹೆ.

ಇನ್ನೊಂದು ಮಾತು, ಊಟದ ಗಂಟೆಗೆ ಮೊದಲು. ಸ್ತುತಿಸುವವರು ಎಲ್ಲವನ್ನೂ ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು ಎಂದು ಕೆಲವರು, ಅದರಲ್ಲೂ ಹೆಂಗಸರಿಗೆ, ಬುದ್ಧಿ ಹೇಳುತ್ತಾರೆ. ಬೆಳಗಾದ ಮೇಲೆ ನ್ಯಾಯಾಧಿಪತಿಗಳು ಆಳುಗಳನ್ನು ಕಳುಹಿಸಿ, ಆ ಮನುಷ್ಯರನ್ನು ಬಿಟ್ಟುಬಿಡು ಎಂದು ಹೇಳಿಸಿದರು. ರಾತ್ರಿಯೆಲ್ಲ ಹಾಡಿದ ಪೌಲನು ಸ್ತೋತ್ರ ಎಂದು ಹೇಳಿ ಗಂಟು ಕಟ್ಟಲಿಲ್ಲ. ರೋಮನ್ ಹಕ್ಕುಳ್ಳ ನಮ್ಮನ್ನು ವಿಚಾರಣೆಯಿಲ್ಲದೆ ಎಲ್ಲರ ಮುಂದೆ ಹೊಡೆಸಿದರು, ಈಗ ಗುಟ್ಟಾಗಿ ಕಳುಹಿಸುತ್ತಾರೋ, ಆಗದು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅವರು ಹೆದರಿದರು, ಬಂದರು, ಬೇಡಿಕೊಂಡರು. ಊರು ಬಿಟ್ಟು ಹೋಗಿರೆಂದು ಕೇಳಿಕೊಂಡರು. ಪೌಲನೂ ಸೀಲನೂ ಅವಸರ ಮಾಡದೆ, ಮೊದಲು ಧೂಮ್ರವರ್ಣದ ವಸ್ತ್ರ ಮಾರುವ ಲುದ್ಯಳ ಮನೆಗೆ ಹೋದರು.